ವಾಸನೆಗೊಂದು ಕಾಲಂ

ಹೊರನಾಡಿನಲ್ಲಿ ದುಡಿಯುವವರಿಗೆ ಊರಿನ ನೆಂಟರ ಮುಂದೆ ತಮ್ಮ ಕೆಲಸದ ಬಗ್ಗೆ ಹೇಳೋದು ಸಾಮಾನ್ಯವಾಗಿ ಕಷ್ಟವಲ್ಲ. ಬ್ಯಾಂಕು ಅಂದರೆ ತಿಳಿಯುತ್ತದೆ, ರೈಲ್ವೆ ಅಂದರೆ ತಿಳಿಯುತ್ತದೆ, ಸಾಫ್ಟ್‌ವೇರ್ ಅಂದರೆ ತಿಳಿಯದಿದ್ದರೂ ಗೌರವ ಬರುತ್ತದೆ. ನನ್ನದು ಈ ಯಾವ ಸಾಲಿಗೂ ಸೇರದ ಕೆಲಸ. ಹೈದರಾಬಾದಿನ ಹೊರವಲಯದ ಒಂದು ಔಷಧ ಕಾರ್ಖಾನೆಯಲ್ಲಿ ನಾನು ಪರಿಸರ, ಆರೋಗ್ಯ ಮತ್ತು ಸುರಕ್ಷತೆಯ ವಿಭಾಗದವಳು. ವರ್ಷಕ್ಕೊಮ್ಮೆ ಕಂಪನಿಯ ಹೆಸರಿನಲ್ಲಿ ಒಂದು ವರದಿ ಹೊರಬರುತ್ತದೆ. ಎಷ್ಟು ನೀರು ಕುಡಿದೆವು, ಎಷ್ಟು ಹೊಗೆ ಬಿಟ್ಟೆವು, ಎಷ್ಟು ಜನ ಗಾಯಗೊಂಡರು, ಯಾರ ಜೊತೆ ಮಾತಾಡಿದೆವು, ಇದೆಲ್ಲ ಅದರಲ್ಲಿರುತ್ತದೆ. ಬರೆಯೋಳು ನಾನು. "ಅದನ್ನ ಓದೋರು ಯಾರು?" ಅಂತ ಅರಸೀಕೆರೆಯ ನಮ್ಮ ಚಿಕ್ಕಪ್ಪ ಒಮ್ಮೆ ಕೇಳಿದರು. ಬಹಳ ಒಳ್ಳೆಯ ಪ್ರಶ್ನೆ. ಈ ಲೇಖನ ಸುಮಾರಾಗಿ ಅದಕ್ಕೆ ಉತ್ತರ.

ನಾನು ಇಲ್ಲಿಗೆ ಬಂದದ್ದು 1999ರಲ್ಲಿ, ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿಕೊಂಡು. ಆಗ ಕಾಚಿಗುಡದ ಹತ್ತಿರ ಬಾಡಿಗೆ ಮನೆ. ನೃಪತುಂಗ ಶಾಲೆ, ಕರ್ನಾಟಕ ಸಾಹಿತ್ಯ ಮಂದಿರ ಎಲ್ಲ ಅಲ್ಲೇ ಇದ್ದದ್ದರಿಂದ ಕಿವಿಗೆ ಕನ್ನಡದ ಕೊರತೆ ಇರಲಿಲ್ಲ. ಕೆಲಸ ಮಾತ್ರ ಊರಿನ ಇನ್ನೊಂದು ತುದಿಯ ಪಟಾನ್‌ಚೆರುವಿನಲ್ಲಿ. ಬೆಳಗ್ಗೆ ಕಂಪನಿ ಬಸ್ಸಿನಲ್ಲಿ ನಿದ್ದೆ ಹೋದರೂ ಸ್ಟಾಪು ತಪ್ಪುವ ಭಯ ಇರಲಿಲ್ಲ. ಒಂದು ಕಡೆ ಕೊಳೆತ ಮೊಟ್ಟೆ, ಇನ್ನೊಂದು ಕಡೆ ನೇಲ್ ಪಾಲಿಶ್, ಮತ್ತೊಂದು ಕಡೆ ಹೇಳಲಾಗದಂಥ ಏನೋ ಒಂದು. ಮೂಗೇ ಎಬ್ಬಿಸುತ್ತಿತ್ತು.

ಈ ಊರಿಗೆ ಔಷಧ ಹೇಗೆ ಬಂತು ಅಂತ ಎರಡು ಮಾತು ಹೇಳಬೇಕು. 1961ರಲ್ಲಿ ಹುಟ್ಟಿದ ಸರ್ಕಾರಿ ಕಂಪನಿ ಐ.ಡಿ.ಪಿ.ಎಲ್. ಇಲ್ಲಿನ ಬಾಲಾನಗರದಲ್ಲಿ ಕಾರ್ಖಾನೆ ತೆರೆಯಿತು. ಅಲ್ಲಿ ಕೆಲಸ ಕಲಿತವರು ಹೊರಬಂದು ಸ್ವಂತ ಕಂಪನಿ ಕಟ್ಟಿದರು. ಡಾ. ಅಂಜಿ ರೆಡ್ಡಿಯವರು ಆ ದಾರಿಯಲ್ಲಿ ಬಂದವರಲ್ಲಿ ಹೆಸರಾದವರು. ಮಾತ್ರೆಯೊಳಗಿನ ಅಸಲು ಮದ್ದಿನ ಪುಡಿ, ನಾವು 'ಬಲ್ಕ್ ಡ್ರಗ್' ಅನ್ನೋದು, ಅದನ್ನು ತಯಾರಿಸುವ ಕಾರ್ಖಾನೆಗಳು ಪಟಾನ್‌ಚೆರು, ಬೊಲ್ಲಾರಂ, ಪಾಶಮೈಲಾರಂ ಅಂತ ಸಾಲಾಗಿ ಎದ್ದವು. ಒಂದು ಕಿಲೋ ಮದ್ದಿಗೆ ಹಲವು ಪಟ್ಟು ದ್ರಾವಕ ಬೇಕು, ನೀರು ಬೇಕು. ಅದರಲ್ಲಿ ಹೆಚ್ಚಿನದು ಮದ್ದಾಗುವುದಿಲ್ಲ, ಎಲ್ಲಿಗೋ ಹೋಗಲೇಬೇಕು. ಹೋದದ್ದು ನಕ್ಕವಾಗು ಎಂಬ ಹಳ್ಳಕ್ಕೆ. ಹಳ್ಳ ಸೇರುವುದು ಮಂಜೀರಾ ನದಿಯನ್ನು. ಹೌದು, ನಮ್ಮ ಬೀದರ್ ಜಿಲ್ಲೆಯನ್ನು ಹಾದು ಬರುವ ಅದೇ ಮಂಜೀರಾ.

ಹಳ್ಳದ ದಂಡೆಯ ರೈತರು ಸುಮ್ಮನಿರಲಿಲ್ಲ. ಬಾವಿ ನೀರು ಬಣ್ಣ ತಿರುಗಿದೆ, ಎಮ್ಮೆ ಕಂದು ಹಾಕುತ್ತಿದೆ, ಭತ್ತ ಕಾಳು ಕಟ್ಟುತ್ತಿಲ್ಲ ಅಂತ ಹೇಳುತ್ತಲೇ ಬಂದರು. ಪಟಾನ್‌ಚೆರುವಿನಲ್ಲೇ ರೋಗಿಗಳನ್ನು ನೋಡುತ್ತಿದ್ದ ವೈದ್ಯ ಡಾ. ಎ. ಕಿಶನ್ ರಾವ್ ಅವರ ಜೊತೆ ನಿಂತರು. 1990ರಲ್ಲಿ ವಿಷಯ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. 1994ರಲ್ಲಿ ಎಲ್ಲ ಕಾರ್ಖಾನೆಗಳ ಕೊಳಚೆಗೂ ಸೇರಿ ಒಂದು ಸಂಸ್ಕರಣಾ ಘಟಕ ಬಂತು. ಸಮಸ್ಯೆ ಮುಗಿಯಿತು ಅಂತ ಅನೇಕರು ಅಂದುಕೊಂಡರು.

2007ರಲ್ಲಿ ಸ್ವೀಡನ್ನಿನ ವಿಜ್ಞಾನಿ ಯೋಆಕಿಮ್ ಲಾರ್ಸನ್ ಮತ್ತು ಸಂಗಡಿಗರು ಆ ಸಂಸ್ಕರಣಾ ಘಟಕದಿಂದ ಹೊರಬರುವ, ಅಂದರೆ ಶುದ್ಧವಾಗಿ ಬರಬೇಕಾದ ನೀರನ್ನು ಪರೀಕ್ಷಿಸಿ ಒಂದು ಪ್ರಬಂಧ ಪ್ರಕಟಿಸಿದರು. ಸುಮಾರು 90 ಔಷಧ ತಯಾರಕರ ಕೊಳಚೆ ಬರುತ್ತಿದ್ದ ಜಾಗ ಅದು. ಒಂದು ಲೀಟರಿನಲ್ಲಿ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಸಿಕ್ಕಿತು. ಆ್ಯಂಟಿಬಯೋಟಿಕ್ ಅದು. ಮಾತ್ರೆ ನುಂಗಿದ ರೋಗಿಯ ರಕ್ತದಲ್ಲಿ ಇರುವುದಕ್ಕಿಂತಲೂ ಹೆಚ್ಚು! ನಮ್ಮ ಲ್ಯಾಬಿನಲ್ಲಿ ಆ ಪ್ರಬಂಧದ ಜೆರಾಕ್ಸು ಕೈಯಿಂದ ಕೈಗೆ ಓಡಾಡಿದ್ದು ನನಗೆ ಇನ್ನೂ ನೆನಪಿದೆ.

ನನ್ನನ್ನು ಕಾಡಿದ್ದು ಆ 31ರ ಅಂಕಿಯಷ್ಟೇ ಅಲ್ಲ. ಅಷ್ಟೂ ವರ್ಷ ಎಲ್ಲ ಕಂಪನಿಗಳೂ ವರದಿ ಕೊಡುತ್ತಲೇ ಇದ್ದವು. ಪ್ರತಿ ವರ್ಷ ಸೆಪ್ಟೆಂಬರ್ 30ರ ಒಳಗೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಪರಿಸರ ಲೆಕ್ಕಪತ್ರ ಸಲ್ಲಿಸಬೇಕು, ಸಲ್ಲಿಸುತ್ತಿದ್ದರು. ಬಿ.ಓ.ಡಿ. ಎಷ್ಟು, ಸಿ.ಓ.ಡಿ. ಎಷ್ಟು, ಕರಗಿದ ಲವಣ ಎಷ್ಟು ಎಂದು ಕೇಳುವ ಕಾಲಂಗಳಿಗೆ ಅಂಕಿ ತುಂಬುತ್ತಿದ್ದರು. ಸಿಪ್ರೊಫ್ಲಾಕ್ಸಸಿನ್ ಎಷ್ಟು ಅಂತ ಕೇಳುವ ಕಾಲಂ ಇರಲಿಲ್ಲ. ಕಾಲಂ ಇಲ್ಲದ್ದನ್ನು ಯಾರೂ ಅಳೆಯಲಿಲ್ಲ. ಹಳ್ಳದ ದಂಡೆಯವರಿಗೆ ರಸಾಯನದ ಹೆಸರು ಗೊತ್ತಿರಲಿಲ್ಲ, ಆದರೆ ನೀರಿನಲ್ಲಿ ಏನೋ ಇದೆ ಎಂದು ಗೊತ್ತಿತ್ತು. ಅವರನ್ನು ಕೇಳಿ ಫಾರಂ ತಯಾರಿಸಿದ್ದರೆ ಏನಾದರೂ ಬೇರೆ ಆಗುತ್ತಿತ್ತೋ ಏನೋ.

ಈಗ ಕಾಲ ಬದಲಾಗಿದೆ ಅನ್ನಬಹುದು. 1989ರಲ್ಲಿ ಅಲಾಸ್ಕಾದಲ್ಲಿ ಎಕ್ಸನ್ ವಾಲ್ಡೀಸ್ ಹಡಗಿನಿಂದ ಎಣ್ಣೆ ಚೆಲ್ಲಿದ ಮೇಲೆ ಅಮೆರಿಕದಲ್ಲಿ ಎದ್ದ ಕೂಗಿನಿಂದ ಈ ವರದಿಯ ಪದ್ಧತಿ ಬೆಳೆಯಿತು. ಜಿ.ಆರ್.ಐ. ಎಂಬ ಸಂಸ್ಥೆ 1997ರಲ್ಲಿ ಹುಟ್ಟಿ 2000ದಲ್ಲಿ ಮೊದಲ ಮಾರ್ಗಸೂಚಿ ತಂದಿತು. ನಮ್ಮಲ್ಲಿ ಸೆಬಿ 2012ರಲ್ಲಿ ಮೊದಲ ನೂರು ಕಂಪನಿಗಳಿಗೆ ಇಂಥ ವರದಿಯನ್ನು ಕಡ್ಡಾಯ ಮಾಡಿತು. 2022-23ರಿಂದ ಷೇರುಪೇಟೆಯ ಮೊದಲ ಸಾವಿರ ಕಂಪನಿಗಳು ಇನ್ನೂ ವಿವರವಾದ ಹೊಸ ನಮೂನೆಯಲ್ಲಿ ಬರೆಯಬೇಕಾಯಿತು. ನಮ್ಮ ಕಂಪನಿ ಆ ಸಾವಿರದ ಪಟ್ಟಿಯ ಕೆಳತುದಿಯಲ್ಲಿ ಎಲ್ಲೋ ಇದೆ. ಹೀಗಾಗಿ ಒಂದು ದಿನ ನನ್ನ ಟೇಬಲ್ಲಿಗೆ ಆ ನಮೂನೆ ಬಂತು.

ಅದರಲ್ಲಿ ಇಂಗ್ಲಿಷಿನ 'ಸ್ಟೇಕ್‌ಹೋಲ್ಡರ್' ಎಂಬ ಪದ ಪುಟಪುಟಕ್ಕೂ ಇದೆ. ಕನ್ನಡದಲ್ಲಿ 'ಪಾಲುದಾರರು' ಅಂತ ಬರೀತಾರೆ. ನನಗೆ ಆ ಅನುವಾದ ಯಾಕೋ ಒಗ್ಗುವುದಿಲ್ಲ. ಪಾಲುದಾರ ಅಂದರೆ ಲಾಭದಲ್ಲಿ ಪಾಲು ಪಡೆಯೋನು. ಕಾರ್ಖಾನೆಯ ಗೋಡೆಗೆ ಒತ್ತಿಕೊಂಡಿರುವ ಹಳ್ಳಿಗೆ ಯಾವ ಪಾಲು ಬಂತು? ವಾಸನೆಯ ಪಾಲು. 'ಸ್ಟೇಕ್' ಅಂದರೆ ಪಣ. ಪಣಕ್ಕೆ ಏನನ್ನೋ ಇಟ್ಟವರು ಎನ್ನುವುದೇ ಸರಿಯಾದ ಅರ್ಥ. ಷೇರುದಾರ ದುಡ್ಡು ಇಟ್ಟಿದ್ದಾನೆ, ಬೇಡವಾದರೆ ಬೆಳಗ್ಗೆ ಒಂಬತ್ತೂಕಾಲಿಗೆ ಮಾರಿ ಕೈತೊಳೆದುಕೊಳ್ಳಬಹುದು. ಹಳ್ಳಿಯವನು ಬಾವಿ ಇಟ್ಟಿದ್ದಾನೆ. ಡ್ರಮ್ಮು ತೊಳೆಯೋ ಹೆಂಗಸು ಶ್ವಾಸಕೋಶ ಇಟ್ಟಿದ್ದಾಳೆ. ಅವನ್ನು ಯಾವ ಪೇಟೆಯಲ್ಲಿ ಮಾರೋದು?

ನಮೂನೆಯಲ್ಲೊಂದು ಪಟ್ಟಿ ಇದೆ. ನೀವು ಗುರುತಿಸಿದ ಗುಂಪುಗಳು ಯಾವುವು, ಅವರು ದುರ್ಬಲರೋ ಅಂಚಿನವರೋ, ಹೌದೋ ಅಲ್ಲವೋ, ಅವರ ಜೊತೆ ಹೇಗೆ ಮಾತಾಡುತ್ತೀರಿ, ವರ್ಷಕ್ಕೆ ಎಷ್ಟು ಸಲ, ಅವರು ಎತ್ತಿದ ವಿಷಯ ಏನು ಅಂತ ಕೇಳುತ್ತದೆ. ನೋಡಲು ಒಳ್ಳೆಯ ಪ್ರಶ್ನೆಗಳೇ. ಆದರೆ ಕಂಪನಿ ಕರೆಸಿದ ಸಲಹೆಗಾರರು ಅದನ್ನು ತುಂಬಿದ ರೀತಿ ನೋಡಿ. ಇಂಗ್ಲಿಷಿನಲ್ಲಿ ಇಪ್ಪತ್ತು ಪ್ರಶ್ನೆ ಮಾಡಿ ಈಮೇಲ್ ಇದ್ದವರಿಗೆಲ್ಲ ಕಳಿಸಿದರು. ಬಂದ ಉತ್ತರಗಳನ್ನು ಒಂದು ಚೌಕದಲ್ಲಿ ಚುಕ್ಕಿಗಳಾಗಿ ಇಟ್ಟರು. ಅಡ್ಡಕ್ಕೆ ಕಂಪನಿಗೆ ಎಷ್ಟು ಮುಖ್ಯ, ಉದ್ದಕ್ಕೆ ಸ್ಟೇಕ್‌ಹೋಲ್ಡರಿಗೆ ಎಷ್ಟು ಮುಖ್ಯ. 'ಡೇಟಾ ಸುರಕ್ಷತೆ' ಮೇಲಿನ ಮೂಲೆಯಲ್ಲಿ ಕೂತಿತು. 'ದುರ್ವಾಸನೆ' ಎಲ್ಲೂ ಇರಲಿಲ್ಲ. ಇರೋದಾದರೂ ಹೇಗೆ? ವಾಸನೆ ಕುಡಿಯೋರಿಗೆ ಈಮೇಲ್ ಇರಲಿಲ್ಲ.

ಇರಲಿ. ಗೋಡೆಯ ಒಳಗಿನವರಿಂದಲೇ ಶುರು ಮಾಡುತ್ತೇನೆ.

ನಮ್ಮಲ್ಲಿ ಖಾಯಂ ಕೆಲಸಗಾರರಿಗಿಂತ ಗುತ್ತಿಗೆಯವರು ಹೆಚ್ಚು. ಒಡಿಶಾ, ಬಿಹಾರದವರ ಜೊತೆಗೆ ಬೀದರಿನ ಔರಾದ್, ಭಾಲ್ಕಿ, ಹುಮನಾಬಾದ್ ಕಡೆಯವರೂ ಇದ್ದಾರೆ. ದೂರ ಏನು ಮಹಾ? ಜಹೀರಾಬಾದ್ ದಾಟಿದರೆ ನಮ್ಮ ಗಡಿ. 1956ರವರೆಗೂ ಅವರ ಅಜ್ಜಂದಿರಿಗೆ ಹೈದರಾಬಾದೇ ರಾಜಧಾನಿ. ಹೀಗಾಗಿ ಇವರನ್ನು ವಲಸೆಯವರು ಅನ್ನೋದೂ ಪೂರ್ತಿ ಸರಿಯಲ್ಲ. ರಾಜಧಾನಿ ಇವರನ್ನು ಬಿಟ್ಟು ಹೋಯಿತು ಅಂದರೂ ಆದೀತು.

ಈ ಗುತ್ತಿಗೆ ಗುಂಪಿನಿಂದ 'ಕೂದಲೆಳೆಯಲ್ಲಿ ತಪ್ಪಿದ ಅಪಘಾತ'ಗಳ ರಿಜಿಸ್ಟರಿಗೆ ಬರುತ್ತಿದ್ದ ದೂರು ಸೊನ್ನೆ. ಖಾಯಂನವರಿಂದ ತಿಂಗಳಿಗೆ ಹತ್ತಾರು ಬರುತ್ತವೆ, ಹೆಚ್ಚು ಅಪಾಯದ ಕೆಲಸ ಮಾಡೋರಿಂದ ಸೊನ್ನೆ. ಇದು ಹೇಗೆ? ಒಂದು ಮಧ್ಯಾಹ್ನ ಡ್ರಮ್ ಯಾರ್ಡಿನ ಪಕ್ಕ ಬೇವಿನ ಮರದಡಿ ಬುತ್ತಿ ಬಿಚ್ಚಿ ಕೂತಿದ್ದ ಐದಾರು ಹೆಂಗಸರ ಬಳಿ ಹೋಗಿ ಕನ್ನಡದಲ್ಲಿ ಮಾತಾಡಿಸಿದೆ. ಮೊದಲು ನಕ್ಕರು. ಅವರಲ್ಲಿ ಹಿರಿಯಳು "ಏನ್ರೀ ಅಕ್ಕೋರ, ನೀವು ಬೆಂಗಳೂರ ಕಡೀದವ್ರಾ? ಪಿಚ್ಚರ್‌ದಾಗ ಮಾತಾಡ್ದಂಗ ಮಾತಾಡ್ತೀರಲ್ಲ" ಅಂದಳು. ಅರಸೀಕೆರೆ ಅಂದರೆ ಅವರಿಗೆ ಗೊತ್ತಿಲ್ಲ. ಆದರೂ ಆ ದಿನ ಒಂದು ಜೋಳದ ರೊಟ್ಟಿ, ಪುಂಡಿಪಲ್ಯ ನನ್ನ ಕೈಗೆ ಬಂತು.

ಮೂರು ನಾಲ್ಕು ದಿನ ಹೋಗಿ ಕೂತ ಮೇಲೆ ಮಾತು ಬಂತು. "ಖಾಲಿ ಡ್ರಮ್ ಅಂತೀರಿ, ಖಾಲಿ ಇರಂಗಿಲ್ರಿ ಅದು. ಮುಚ್ಚಳ ತಗದ್ರ ತಲಿ ಗಿರ್ರ ಅಂತದ." ನೂರಕ್ಕೆ ನೂರು ನಿಜ. ದ್ರಾವಕದ ಡ್ರಮ್ಮು ತುಂಬಿದ್ದಾಗಿಗಿಂತ ಖಾಲಿಯಾದಾಗಲೇ ಹೆಚ್ಚು ಅಪಾಯ, ತಳದ ನಾಲ್ಕು ಹನಿ ಆವಿಯಾಗಿ ಒಳಗೆಲ್ಲ ತುಂಬಿಕೊಂಡಿರುತ್ತದೆ. ಒಂದು ಕಿಡಿ ಸಾಕು. ಕೈಗವಸು ಯಾಕೆ ಹಾಕಿಲ್ಲ ಅಂದೆ. ಒಬ್ಬಳು ತೆಗೆದು ತೋರಿಸಿದಳು. ಗಂಡಸಿನ ಅಳತೆಯದು. ಅವಳ ಬೆರಳು ಅದರ ಅರ್ಧಕ್ಕೂ ಮುಟ್ಟುತ್ತಿರಲಿಲ್ಲ, ಒದ್ದೆ ಡ್ರಮ್ಮು ಹಿಡಿದರೆ ಜಾರುತ್ತಿತ್ತು. ನಮ್ಮ ವರದಿಯಲ್ಲಿ 'ರಕ್ಷಣಾ ಸಾಧನಗಳ ವಿತರಣೆ: ಶೇ. 100' ಅಂತ ಇತ್ತು. ಅಂಕಿ ಸುಳ್ಳಲ್ಲ, ಎಲ್ಲರಿಗೂ ಕೊಟ್ಟಿದ್ದರು. ಯಾರ ಕೈಗೆ ಹಿಡಿಸಿತು ಎನ್ನೋದು ಕಾಲಮ್ಮಿನಲ್ಲಿರಲಿಲ್ಲ.

"ಇದನ್ನೆಲ್ಲ ಬರೆಸಬಹುದಿತ್ತಲ್ಲ?" ಅಂದೆ. ಫಾರಂ ಇಂಗ್ಲಿಷ್ ಮತ್ತು ತೆಲುಗಿನಲ್ಲಿತ್ತು. ಅದು ಸಣ್ಣ ಕಾರಣ. ದೊಡ್ಡ ಕಾರಣ ಗೇಟಿನ ಹತ್ತಿರ ನೇತುಹಾಕಿದ್ದ ಫಲಕ. 'ಅಪಘಾತವಿಲ್ಲದ ದಿನಗಳು' ಅಂತ ದಿನಕ್ಕೊಂದು ಸಂಖ್ಯೆ ಏರುತ್ತಿತ್ತು. ಮುನ್ನೂರು ದಾಟಿದರೆ ಎಲ್ಲರಿಗೂ ಕುಕ್ಕರ್ ಬಹುಮಾನ. ಇನ್ನೂರ ತೊಂಬತ್ತನೇ ದಿನ ಒಬ್ಬನ ಕಾಲಿಗೆ ಪೆಟ್ಟಾದರೆ ಅವನು ಹೇಳುತ್ತಾನಾ? ಹೇಳಿದರೆ ಇಡೀ ಗುಂಪಿನ ಕುಕ್ಕರು ಹೋಯಿತು. "ಹೇಳಿದ್ರ ಮಂದಿ ಬೈತಾರ, ಹೇಳಲಿಲ್ಲಂದ್ರ ಕಾಲು ಬೈತದ" ಅಂದಳು ಹಿರಿಯಳು. ಗಾಯಗೊಂಡವನನ್ನು ಮೇಸ್ತ್ರಿ ರಾತ್ರಿ ಬಸ್ಸಿಗೆ ಊರಿಗೆ ಕಳಿಸುತ್ತಿದ್ದ. ಮರುದಿನ ಅದೇ ಜಾಗಕ್ಕೆ ಇನ್ನೊಬ್ಬ. ಹಾಜರಿ ಪುಸ್ತಕದಲ್ಲಿ ಒಂದು ತಲೆಯೂ ಕಡಿಮೆಯಾಗುತ್ತಿರಲಿಲ್ಲ.

ವರದಿಯಲ್ಲಿ ಒಂದು ಸೂಚ್ಯಂಕ ಇದೆ. ಹತ್ತು ಲಕ್ಷ ಗಂಟೆ ದುಡಿಮೆಗೆ ಎಷ್ಟು ಗಾಯಗಳಿಂದ ಕೆಲಸ ತಪ್ಪಿತು ಎಂಬ ಲೆಕ್ಕ. ಹೊಸ ನಮೂನೆ ಖಾಯಂ ಸಿಬ್ಬಂದಿಯದಷ್ಟೇ ಅಲ್ಲ, ಗುತ್ತಿಗೆಯವರದನ್ನೂ ಕೇಳುತ್ತದೆ. ಕಾನೂನಿಗೆ ಈ ಒಂದು ಥ್ಯಾಂಕ್ಸ್ ಹೇಳಲೇಬೇಕು, ಏಕೆಂದರೆ ಅದನ್ನು ಹಿಡಿದುಕೊಂಡೇ ನಾನು ಮೇಲಿನವರ ಬಳಿ ಹೋದದ್ದು. ಕುಕ್ಕರು ನಿಂತಿತು. ಫಾರಂ ಬದಲು ಬಾಯಿಮಾತು ಬಂತು, ಕನ್ನಡ, ಹಿಂದಿ, ಒಡಿಯಾ ಯಾವುದಾದರೂ ಸರಿ, ಕೇಳಿ ಬರೆದುಕೊಳ್ಳಲು ಒಬ್ಬ ಹುಡುಗನನ್ನು ಕೂರಿಸಿದೆವು. ಹೇಳಿದ್ದಕ್ಕೆ ಒಂದು ವಾರದೊಳಗೆ ಏನು ಮಾಡಿದೆವು ಅಂತ ಅದೇ ಬೇವಿನ ಮರದಡಿ ಹೋಗಿ ಹೇಳುವ ಪದ್ಧತಿ ಇಟ್ಟುಕೊಂಡೆವು. ಈ ಕೊನೆಯದೇ ಮುಖ್ಯ. ಕೇಳಿಸಿಕೊಂಡು ಸುಮ್ಮನಾಗೋದಕ್ಕಿಂತ ಕೇಳದೇ ಇರೋದು ವಾಸಿ. ಚಿಕ್ಕ ಅಳತೆಯ ಕೈಗವಸು ಹದಿನೈದು ದಿನದಲ್ಲಿ ಬಂತು. ಮೂರು ತಿಂಗಳಲ್ಲಿ ರಿಜಿಸ್ಟರು ತುಂಬಿ ಇನ್ನೊಂದು ತರಿಸಬೇಕಾಯಿತು.

ವರ್ಷದ ಕೊನೆಗೆ ಪೇಚಿಗಿಟ್ಟುಕೊಂಡಿತು. ಹಿಂದಿನ ವರ್ಷ ಸೊನ್ನೆ ಇದ್ದ ಸೂಚ್ಯಂಕ ಈಗ ಎರಡು ಚಿಲ್ಲರೆ. ಮೀಟಿಂಗಿನಲ್ಲಿ ಮುಖಗಳು ಕಪ್ಪಿಟ್ಟವು. "ಪಕ್ಕದ ಕಂಪನಿಯವರದು ಸೊನ್ನೆ. ನಮ್ಮದು ಮಾತ್ರ ಹೀಗೆ ಅಂತ ಪ್ರಪಂಚಕ್ಕೆ ಸಾರಬೇಕಾ?" ಅಂತ ಒಬ್ಬರು. ಸಣ್ಣ ಗಾಯಗಳನ್ನು 'ಪ್ರಥಮ ಚಿಕಿತ್ಸೆ' ಎಂಬ ಸಾಲಿಗೆ ತಳ್ಳಿದರೆ ಅಂಕಿ ಇಳಿಯುತ್ತದೆ ಅಂತ ಇನ್ನೊಬ್ಬರು. ನಾನು ಹೇಳಿದ್ದು ಇಷ್ಟೇ: ಗಾಯ ಹೆಚ್ಚಾಗಿಲ್ಲ ಸಾರ್, ಕಾಣಿಸಿದ್ದು ಹೆಚ್ಚಾಗಿದೆ. ಈಗ ಅಂಕಿ ಇಳಿಸಿದರೆ ಆ ಮರದಡಿ ಇನ್ನು ಯಾರೂ ಬಾಯಿ ಬಿಡೋದಿಲ್ಲ. ಎರಡು ವಾರ ಎಳೆದಾಡಿದ ಮೇಲೆ ನೆರವು ಬಂದದ್ದು ಅಚ್ಚರಿಯ ದಿಕ್ಕಿನಿಂದ. ನಮ್ಮ ಮದ್ದು ಕೊಳ್ಳುವ ಯುರೋಪಿನ ಗಿರಾಕಿಯ ತಪಾಸಣೆಗೆ ಬಂದಿದ್ದ ಹೆಂಗಸು, ಸಾವಿರಾರು ಜನ ದುಡಿಯುವ ಜಾಗದಲ್ಲಿ ಸೊನ್ನೆ ಕಂಡರೆ ನನಗೆ ಭಯವಾಗುತ್ತದೆ ಅಂದಳು. ಅಂಕಿ ಇದ್ದ ಹಾಗೇ ಅಚ್ಚಾಯಿತು, ಕೆಳಗೆ ನಾಲ್ಕು ಸಾಲಿನ ವಿವರಣೆಯೊಂದಿಗೆ. ಷೇರು ಬೆಲೆ ಬೀಳಲಿಲ್ಲ. ಯಾರೂ ಗಮನಿಸಲೂ ಇಲ್ಲವೇನೋ!

ಇನ್ನು ಗೋಡೆಯ ಆಚೆಗೆ ಬರೋಣ.

ಕಂಪನಿಯವರಿಗೆ ಹಳ್ಳಿ ಅಂದರೆ ಸರಪಂಚ. ಶಾಲೆಗೆ ಬ್ಯಾಗು, ಬಸ್‌ಸ್ಟಾಪಿಗೆ ಬೆಂಚು, ಕುಡಿಯುವ ನೀರಿಗೆ ಆರ್.ಓ. ಘಟಕ ಕೊಟ್ಟು ಫೋಟೊ ತೆಗೆಸಿ 'ಸಮುದಾಯದೊಂದಿಗೆ ಸಂವಾದ' ಅಂತ ವರದಿಗೆ ಹಾಕುತ್ತಿದ್ದರು. ಕೊಡೋದು ಸಂವಾದ ಅಲ್ಲ. ಸಂವಾದದಲ್ಲಿ ಆ ಕಡೆಯವರಿಗೂ ಬಾಯಿ ಇರಬೇಕು. ಆರ್.ಓ. ಘಟಕ ಯಾಕೆ ಬೇಕಾಯಿತು ಎಂಬ ಪ್ರಶ್ನೆಯನ್ನು ಆ ಫೋಟೊದಲ್ಲಿ ಯಾರೂ ಕೇಳುತ್ತಿರಲಿಲ್ಲ.

ಹಳ್ಳಿಯವರ ದೂರು ಒಂದೇ: ರಾತ್ರಿ ವಾಸನೆ. ನಮ್ಮ ಉತ್ತರವೂ ಒಂದೇ: ಗಾಳಿಯ ಮಾಪನ ಮಿತಿಯೊಳಗಿದೆ. ಇಬ್ಬರೂ ನಿಜ ಹೇಳುತ್ತಿದ್ದೆವು. ಗಾಳಿಯ ರಾಷ್ಟ್ರೀಯ ಮಾನದಂಡ 2009ರದ್ದು, ಹನ್ನೆರಡು ವಸ್ತುಗಳ ಪಟ್ಟಿ. ಅಮೋನಿಯಾಕ್ಕೆ 24 ಗಂಟೆಯ ಸರಾಸರಿ ಘನಮೀಟರಿಗೆ 400 ಮೈಕ್ರೋಗ್ರಾಂ ಅಂತ ಮಿತಿ. ಅರ್ಧ ಗಂಟೆ ಮೂಗು ಮುಚ್ಚಿಕೊಳ್ಳುವಷ್ಟು ಬಂದದ್ದನ್ನು 24 ಗಂಟೆಗೆ ಹಂಚಿದರೆ ನಲವತ್ತೆಂಟರಲ್ಲಿ ಒಂದು ಪಾಲಾಗುತ್ತದೆ. ಸರಾಸರಿಗೆ ಮೂಗಿಲ್ಲ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್, ನಾವು ದಿನವೂ ಬಳಸುವ ಟೋಲೀನ್, ಇವು ಆ ಹನ್ನೆರಡರಲ್ಲಿ ಇಲ್ಲವೇ ಇಲ್ಲ. ಮೇಲಾಗಿ ಚಳಿಗಾಲದ ರಾತ್ರಿ ನೆಲ ಬೇಗ ತಣ್ಣಗಾಗಿ ತಂಪು ಗಾಳಿ ಕೆಳಗೇ ಮಲಗಿಬಿಡುತ್ತದೆ, ಹಗಲಿನ ಹಾಗೆ ಮೇಲೇಳುವುದಿಲ್ಲ. ಬಿಟ್ಟದ್ದೆಲ್ಲ ಹಳ್ಳಿಯ ಮೇಲೆ ಕಂಬಳಿಯ ಹಾಗೆ ಹೊದಿಕೆ.

ಅಲ್ಲಿನ ಕಿರಾಣಿ ಅಂಗಡಿಯಾತ ಒಬ್ಬ ವಯಸ್ಸಾದವರು. ತೆಲುಗು ಕ್ಯಾಲೆಂಡರಿನಲ್ಲಿ ವಾಸನೆ ಬಂದ ರಾತ್ರಿಗಳಿಗೆಲ್ಲ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿಟ್ಟಿದ್ದರು, ಪಕ್ಕದಲ್ಲಿ ಗಂಟೆ. ಯಾರಿಗೂ ತೋರಿಸಿರಲಿಲ್ಲ, ಯಾರೂ ಕೇಳಿರಲಿಲ್ಲ. ನಾನು ಮೂರು ತಿಂಗಳ ಹಾಳೆಗಳ ಫೋಟೊ ತೆಗೆದು ತಂದು ನಮ್ಮ ಉತ್ಪಾದನೆಯ ರಾತ್ರಿ ಪಾಳಿಯ ಪುಸ್ತಕದ ಪಕ್ಕ ಇಟ್ಟೆ. ಬಹುಪಾಲು ಸುತ್ತುಗಳು ಬಳಸಿದ ದ್ರಾವಕವನ್ನು ಮತ್ತೆ ಬಟ್ಟಿ ಇಳಿಸುವ ರಾತ್ರಿಗಳಿಗೆ ಸರಿಹೊಂದಿದವು. ಹಬೆಯನ್ನು ತಣಿಸಿ ಹಿಡಿಯುವ ಕಂಡೆನ್ಸರಿಗೆ ಹೋಗುವ ತಣ್ಣೀರು ಅದೇ ಹೊತ್ತಿಗೆ ಬೇರೆ ರಿಯಾಕ್ಟರಿಗೂ ಹೋಗುತ್ತಿತ್ತು. ತಣ್ಣೀರು ಸಾಲದೆ ಹಬೆ ಹಿಡಿತಕ್ಕೆ ಸಿಗದೆ ಮೇಲಿನ ಕೊಳವೆಯಿಂದ ಹೋಗುತ್ತಿತ್ತು. ಲಕ್ಷಗಟ್ಟಲೆಯ ಯಂತ್ರ ಹಿಡಿಯದ್ದನ್ನು ಒಂದು ಕ್ಯಾಲೆಂಡರು ಹಿಡಿದಿತ್ತು. ಕಂಡೆನ್ಸರಿಗೆ ಪ್ರತ್ಯೇಕ ಚಿಲ್ಲರ್ ಹಾಕಿಸಿದರು. ಹೋಗುತ್ತಿದ್ದ ದ್ರಾವಕ ಉಳಿದದ್ದರಿಂದ ಅದರ ಖರ್ಚಿನ ಬಗ್ಗೆ ಯಾರೂ ಹೆಚ್ಚು ಗೊಣಗಲಿಲ್ಲ.

ಎಲ್ಲ ಕತೆಯೂ ಹೀಗೆ ಸುಖಾಂತ್ಯ ಅಂತ ತಿಳಿಯಬೇಡಿ. ಹಳ್ಳಿಯವರ ಎರಡನೇ ಬೇಡಿಕೆ ಅವರ ಬೋರ್‌ವೆಲ್ಲುಗಳ ನೀರಿನ ಫಲಿತಾಂಶ ವರದಿಯಲ್ಲಿ ಬರಲಿ ಎನ್ನುವುದು. ನಾವು ಕಂಪನಿ ಆವರಣದ ಬೋರ್‌ವೆಲ್ಲುಗಳದ್ದಷ್ಟೇ ಹಾಕುತ್ತೇವೆ. ಅವರದನ್ನು ಪರೀಕ್ಷೆಯೇನೋ ಮಾಡಿಸಿದೆವು. ಅಚ್ಚು ಹಾಕಿದರೆ ತಪ್ಪೊಪ್ಪಿಗೆ ಆಗುತ್ತದೆ ಅಂತ ವಕೀಲರು ತಡೆದರು. ಕೊನೆಗೆ ಪ್ರತಿ ಮನೆಯವರಿಗೂ ಅವರವರ ಬೋರಿನ ಫಲಿತಾಂಶವನ್ನು ತೆಲುಗಿನಲ್ಲಿ ಚೀಟಿ ಬರೆದು ಕೊಡುವುದಕ್ಕೆ ಒಪ್ಪಿಗೆ ಸಿಕ್ಕಿತು. ವರದಿಯಲ್ಲಿ ಆ ಪುಟ ಇಂದಿಗೂ ಇಲ್ಲ. ಪ್ರತಿ ವರ್ಷ ಕೇಳುತ್ತೇನೆ, ಪ್ರತಿ ವರ್ಷ ಮುಂದಕ್ಕೆ ಹೋಗುತ್ತದೆ.

ಇಷ್ಟೆಲ್ಲ ಯಾಕೆ, ಒಂದು ವರದಿಗೆ ಇಷ್ಟು ಒದ್ದಾಟ ಬೇಕಾ ಅಂತ ನೀವು ಕೇಳಬಹುದು. 1984ರ ಡಿಸೆಂಬರಿನ ಆ ರಾತ್ರಿ ಭೋಪಾಲದ ಜನಕ್ಕೆ ಕಾರ್ಖಾನೆಯೊಳಗೆ ಏನಿದೆ ಎಂದೇ ಗೊತ್ತಿರಲಿಲ್ಲ. ಒದ್ದೆ ಬಟ್ಟೆ ಮುಖಕ್ಕೆ ಹಿಡಿಯಿರಿ, ಗಾಳಿ ಬೀಸುವ ದಿಕ್ಕಿಗೆ ಓಡಬೇಡಿ ಅಂತ ಮೊದಲೇ ಹೇಳಿದ್ದರೆ ಎಷ್ಟೋ ಜೀವ ಉಳಿಯುತ್ತಿತ್ತು. ಅದಾದ ಮೇಲೆಯೇ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಬಂದು, ಅಪಾಯದ ವಿವರವನ್ನು ಕೆಲಸಗಾರರಿಗೂ ಸುತ್ತಲ ಜನಕ್ಕೂ ತಿಳಿಸಬೇಕು ಅಂತಾಯಿತು. 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದಲ್ಲಿ ಸ್ಟೈರೀನ್ ಸೋರಿದಾಗ ಸೈರನ್ ಕೂಗಲೇ ಇಲ್ಲ. 2025ರ ಜೂನ್ 30ರಂದು ನಮ್ಮ ಪಕ್ಕದ ಪಾಶಮೈಲಾರಂನ ಒಂದು ಕಾರ್ಖಾನೆ ಸ್ಫೋಟಿಸಿ 40ಕ್ಕೂ ಹೆಚ್ಚು ಮಂದಿ ಸತ್ತರು, ಹೆಚ್ಚಿನವರು ಹೊರರಾಜ್ಯದಿಂದ ಬಂದವರು. ಆ ಹೊತ್ತು ಒಳಗೆ ಯಾರು ಯಾರಿದ್ದರು ಎಂಬ ಲೆಕ್ಕ ಸಿಗಲು ದಿನಗಳೇ ಹಿಡಿದವು. ಗುರುತು ಹಿಡಿಯಲು ಡಿ.ಎನ್.ಎ. ಪರೀಕ್ಷೆ ಬೇಕಾಯಿತು. ಬದುಕಿದ್ದಾಗ ಯಾವ ವರದಿಯಲ್ಲೂ ಎಣಿಕೆಗೆ ಸರಿಯಾಗಿ ಸಿಗದವರು, ಸತ್ತ ಮೇಲೂ ಸಿಗಲಿಲ್ಲ. ಆ ವಾರ ನಮ್ಮ ಬೇವಿನ ಮರದಡಿ ಯಾರಿಗೂ ಊಟ ಸೇರಲಿಲ್ಲ.

ಊರಿನಲ್ಲಿ ಕೂತು ಇದನ್ನು ಓದುತ್ತಿರುವವರಿಗೆ ಒಂದು ಮಾತು. ಇದು ಹೈದರಾಬಾದಿನ ಕತೆ ಅಂತ ಪುಟ ತಿರುಗಿಸಬೇಡಿ. ಇಲ್ಲಿ ಜಾಗ, ನೀರು, ಜನರ ಸಹನೆ ಮೂರೂ ಕಡಿಮೆಯಾಗುತ್ತಾ ಬಂದ ಹಾಗೆ ಔಷಧ, ರಾಸಾಯನಿಕ ಘಟಕಗಳು ಗಡಿ ದಾಟಿ ಬೀದರಿನ ಕೊಳಾರ, ಯಾದಗಿರಿಯ ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶಗಳಿಗೆ ಬಂದಿವೆ. ವಾಸನೆಯ ದೂರುಗಳೂ ಹಿಂದೆಯೇ ಬಂದಿವೆ. ಪಟಾನ್‌ಚೆರು ನಲವತ್ತು ವರ್ಷದಲ್ಲಿ ಕಲಿತದ್ದನ್ನು ನೀವು ಮೊದಲ ವರ್ಷವೇ ಬಳಸಿಕೊಳ್ಳಬಹುದು.

2006ರ ಪರಿಸರ ಅಧಿಸೂಚನೆಯ ಪ್ರಕಾರ ದೊಡ್ಡ ಯೋಜನೆಗೆ ಮೊದಲು ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಯೋಜನೆಯ ಸಾರಾಂಶ ಇಂಗ್ಲಿಷಿನ ಜೊತೆ ಸ್ಥಳೀಯ ಭಾಷೆಯಲ್ಲೂ ಇರಬೇಕು, ಅಂದರೆ ನಿಮಗೆ ಕನ್ನಡದಲ್ಲಿ ಸಿಗಬೇಕು. ಸಭೆಗೆ ಇಷ್ಟೇ ಜನ ಬರಬೇಕೆಂಬ ಕೋರಂ ಇಲ್ಲ, ಹತ್ತು ಜನ ಬಂದರೂ ನಡೆದುಹೋಗುತ್ತದೆ, ಆದ್ದರಿಂದ ಹೋಗಿ. ಕೊನೆಗೆ ನೀವು ಹೇಳಿದ್ದನ್ನೆಲ್ಲ ಬರೆದುಕೊಂಡು ಜನರ ಭಾಷೆಯಲ್ಲಿ ಓದಿ ಹೇಳಬೇಕು ಅಂತ ನಿಯಮವೇ ಇದೆ. ಓದುವವರೆಗೂ ಕುರ್ಚಿ ಬಿಟ್ಟು ಏಳಬೇಡಿ. ಈಗಾಗಲೇ ಪರಿಸರ ಅನುಮತಿ ಪಡೆದ ಕೈಗಾರಿಕಾ ಪ್ರದೇಶದೊಳಗೆ ಬರುವ ಘಟಕಕ್ಕೆ ಈ ಸಭೆಯಿಂದ ವಿನಾಯಿತಿ ಉಂಟು. ಅಂಥ ಕಡೆ ಕಂಪನಿಯ ವಾರ್ಷಿಕ ವರದಿ, ಆರು ತಿಂಗಳಿಗೊಮ್ಮೆ ಕೊಡುವ ಅನುಪಾಲನಾ ವರದಿಗಳೇ ನಿಮ್ಮ ಕೈಗೆ ಸಿಗುವ ಹಿಡಿ. ಕೇಳಿ ಪಡೆಯಿರಿ. ಒಳಗೆ ಯಾವ ರಾಸಾಯನಿಕ ಎಷ್ಟಿದೆ? ಸೈರನ್ ಕೂಗಿದರೆ ಯಾವ ಕಡೆ ನಡೆಯಬೇಕು? ಗುತ್ತಿಗೆಯವರ ಗಾಯದ ಲೆಕ್ಕ ಎಲ್ಲಿ? ನಮ್ಮ ಹಳ್ಳಿಯ ದೂರು ಎಷ್ಟು ಅಂತ ಬರೆದಿದ್ದೀರಿ? ನಮೂನೆಯಲ್ಲಿ 'ಸಮುದಾಯದ ದೂರುಗಳು' ಎಂಬ ಸಾಲಿದೆ, ಅಲ್ಲಿ ಸೊನ್ನೆ ಇದ್ದರೆ ನಿಮ್ಮ ಕ್ಯಾಲೆಂಡರು ತೋರಿಸಿ. ಕೆಂಪು ಪೆನ್ನಿಗೆ ಐದು ರೂಪಾಯಿ.

ಕಳೆದ ವರ್ಷದಿಂದ ಒಂದು ಹೊಸ ಪದ್ಧತಿ ಶುರುವಾಗಿದೆ. ನೂರಾರು ಪುಟದ ಇಂಗ್ಲಿಷ್ ವರದಿಯ ಜೊತೆಗೆ ತೆಲುಗು, ಹಿಂದಿ, ಒಡಿಯಾ, ಕನ್ನಡದಲ್ಲಿ ಎರಡೆರಡು ಪುಟದ ಸಾರಾಂಶ ಮಾಡಿ ಗುತ್ತಿಗೆಯವರ ಕ್ಯಾಂಟೀನಿನಲ್ಲಿ ಅಂಟಿಸುತ್ತೇವೆ, ಅಚ್ಚಿಗೆ ಮುಂಚೆ ಓದಿಯೂ ಹೇಳುತ್ತೇವೆ. ಕನ್ನಡದ್ದನ್ನು ನಾನೇ ಬರೆದು ಓದಿದೆ. 'ಅನಿಲ ಸೋರಿಕೆಯ ಸಂದರ್ಭದಲ್ಲಿ ಸುರಕ್ಷಿತ ಸ್ಥಳಕ್ಕೆ ತೆರಳತಕ್ಕದ್ದು' ಅಂತ ಓದುತ್ತಿದ್ದ ಹಾಗೆ ಹಿರಿಯಳು ಕೈ ಎತ್ತಿದಳು.

"ಅಕ್ಕೋರ, ಗ್ಯಾಸ್ ಬಿಟ್ಟದ, ಗಾಳಿಗಿ ಅಡ್ಡ ಓಡ್ರಿ ಅಂತ ಬರೀರಿ. ನೀವು ಬರ್ದಿದ್ದು ತಿಳ್ಕೊಳ್ಳೋದ್ರಾಗ ನಾವು ಸತ್ತೇ ಹೋಗಿರ್ತೀವಿ."

ಹಾಗೇ ಬರೆದೆವು. ಕ್ಯಾಂಟೀನಿನ ಗೋಡೆಯ ಮೇಲೆ ಈಗ ಇರೋದು ಅವಳ ವಾಕ್ಯ.